ಮಾರುತಿ 800ಕ್ಕೆ ಮೂರು ಪಲ್ಸರ್ ಕಾರ್ಬುರೇಟರ್: ನನ್ನ ಅನುಭವ

"ಮೂರೂ ಒಟ್ಟಿಗೆ ಐಡಲ್‌ನಲ್ಲಿ ನಿಂತರೆ ಮೀಸೆ ಬೋಳಿಸುತ್ತೇನೆ" ಎಂದಿದ್ದ ಲೇತ್ ಮೇಸ್ತ್ರಿ ಇನ್ನೂ ಮೀಸೆ ಹೊತ್ತೇ ಓಡಾಡುತ್ತಿದ್ದಾರೆ. ಮೂರು ಎಂದರೆ ನನ್ನ ಕಾರಿನ ಒಂದೇ ಕಾರ್ಬುರೇಟರಿನ (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ) ಬದಲು ಸಿಲಿಂಡರಿಗೆ ಒಂದರಂತೆ ಕೂರಿಸಿದ ಬೈಕಿನ ಕಾರ್ಬುರೇಟರ್‌ಗಳು. ಕೇಳಿದರೆ "ಇನ್ನೊಂದು ಮಳೆಗಾಲ ಕಳೆಯಲಿ, ನೋಡೋಣ" ಎನ್ನುತ್ತಾರೆ. ಎಂಜಿನ್ ಮಾತ್ರ ಕಳೆದ ಎಂಟು ತಿಂಗಳಿಂದ ಐಡಲ್‌ನಲ್ಲಿ, ಅಂದರೆ ಪೆಡಲ್ ಒತ್ತದಿರುವಾಗ, ಸಾವಿರದ ಆಸುಪಾಸಿನ ಆರ್‌ಪಿಎಮ್‌ನಲ್ಲಿ ಅಲುಗಾಡದೆ ನಿಲ್ಲುತ್ತಿದೆ.

ಕಾರು 1997ರ ಮಾರುತಿ 800, ಕೊಂಡದ್ದು ಸುಮಾರು 26 ಸಾವಿರಕ್ಕೆ. ರಸ್ತೆಗೆ ಇಳಿಸುವುದಿಲ್ಲ, ಚಿಕ್ಕಮಗಳೂರಿನ ನಮ್ಮ ತೋಟದ ದಾರಿ ಮತ್ತು ವರ್ಷಕ್ಕೆ ಎರಡೋ ಮೂರೋ ಆಟೋಕ್ರಾಸ್ ಸ್ಪರ್ಧೆ, ಅಷ್ಟೇ. ಮೂಲ ಕಾರ್ಬುರೇಟರಿನ ಥ್ರಾಟಲ್ ಶಾಫ್ಟ್ (ಗಾಳಿದಾರಿಯ ಬಾಗಿಲನ್ನು ತಿರುಗಿಸುವ ಸರಳು) ಸವೆದು ಗಾಳಿ ಎಳೆಯುತ್ತಿತ್ತು. ಎರಡು ಸಲ ರಿಪೇರಿ ಮಾಡಿಸಿ ನಾಲ್ಕೂವರೆ ಸಾವಿರ ಕಳೆದೆ. ವೆಬರ್ ಕಂಪನಿಯ ಕಾರ್ಬುರೇಟರ್ ಹಾಕು ಎಂದರು ಕೆಲವರು. ಡಿಸಿಒಇ ಮಾದರಿಯ ವೆಬರ್ ಒಂದರಲ್ಲಿ ಎರಡು ಬಾಯಿ, ನನ್ನದು ಮೂರು ಸಿಲಿಂಡರ್. ಒಂದೂವರೆ ವೆಬರ್ ಯಾರು ಮಾರುತ್ತಾರೆ? ಕಾರ್ಬುರೇಟರ್ ಬಿಟ್ಟು ಇಂಜೆಕ್ಷನ್‌ಗೆ (ಪೆಟ್ರೋಲನ್ನು ಅಳೆದು ಚಿಮ್ಮಿಸುವ ವ್ಯವಸ್ಥೆ) ಹೋಗು ಎಂದರು ಉಳಿದವರು. ಅವರಿಗೆ ನಾನು ನೆನಪಿಸಿದ್ದು ಪಲ್ಸರ್ 220ರ ಕಥೆ: 2007ರಲ್ಲಿ ಇಂಜೆಕ್ಷನ್‌ನೊಂದಿಗೆ ಬಂದ ಬೈಕು 2009ರಲ್ಲಿ ಕಾರ್ಬುರೇಟರ್‌ಗೆ ಮರಳಿತು, ಮರಳಿದ ಮೇಲೆಯೇ ಮಾರುಕಟ್ಟೆಯಲ್ಲಿ ಚೆನ್ನಾಗಿ ಓಡಿತು.

ಲೆಕ್ಕವೂ ಅಲ್ಲಿಂದಲೇ ಹುಟ್ಟಿತು. 796 ಸಿಸಿಯನ್ನು ಮೂರರಿಂದ ಭಾಗಿಸಿದರೆ ಸಿಲಿಂಡರಿಗೆ 265. ಪಲ್ಸರಿನ 220 ಸಿಸಿ ನನ್ನ ಎಂಜಿನ್‌ಗಿಂತ ಎಷ್ಟೋ ವೇಗವಾಗಿ ತಿರುಗುತ್ತದೆ, ಆದ್ದರಿಂದ ನನ್ನ ಒಂದು ಸಿಲಿಂಡರ್ ನುಂಗುವ ಗಾಳಿ ಅದರ ಕಾರ್ಬುರೇಟರಿಗೆ ಹೆಚ್ಚಾಗದು. ಬ್ರಿಟನ್ನಿನವರು ಹಳೆಯ ಫೋರ್ಡ್‌ಗಳಿಗೆ ನಾಲ್ಕು ಸಿಲಿಂಡರ್ ಬೈಕುಗಳ ಕಾರ್ಬುರೇಟರ್ ಸಾಲನ್ನು ಇಡಿಯಾಗಿ ಕೂರಿಸುತ್ತಾರೆ. ಬೈಕಿನ ಅಂತರ ಬೇರೆ, ಕಾರಿನ ಪೋರ್ಟ್‌ಗಳ (ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗಳು) ಅಂತರ ಬೇರೆ ಎಂದು ಸಾಲನ್ನು ಬಿಚ್ಚಿ ಹಿಗ್ಗಿಸುತ್ತಾರೆ. ಬಿಡಿಬಿಡಿಯಾಗಿ ಕೂರಿಸುವ ನಮಗೆ ಆ ತಲೆನೋವಿಲ್ಲ. ಬಡತನಕ್ಕೂ ಒಂದು ಅನುಕೂಲ ಇರುತ್ತದೆ.

ಆದರೂ ಮೊದಲು ಹಾಕಿದ್ದು ಪಲ್ಸರಿನದ್ದಲ್ಲ. ಅಟ್ಟದ ಮೇಲೆ ಹಳೆಯ ಬುಲೆಟ್‌ಗಳ ವಿಎಮ್ 24 ಮಾದರಿಯ ಕಾರ್ಬುರೇಟರ್ ಮೂರು ಬಿದ್ದಿದ್ದವು, ಪುಕ್ಕಟೆ ಎಂದು ಕೂರಿಸಿದೆ. ಐಡಲ್ ಬೆಣ್ಣೆಯಂತೆ. ಪೆಡಲ್ ಒತ್ತಿದರೆ ಒಂದು ಕೆಮ್ಮು, ಮತ್ತೆ ಮೌನ. ಬೈಕಿನಲ್ಲಿ ಮಣಿಕಟ್ಟು ಅಳೆದು ತಿರುಗಿಸುತ್ತದೆ, ಕಾಲಿಗೆ ಆ ನಾಜೂಕು ಎಲ್ಲಿಂದ ಬರಬೇಕು? ಸ್ಲೈಡನ್ನು (ಗಾಳಿದಾರಿ ತೆರೆಯುವ ತುಂಡು) ಕಾಲಿನ ಬದಲು ಎಂಜಿನ್ನಿನ ನಿರ್ವಾತವೇ ಎತ್ತಬೇಕು ಎಂದು ಆಗ ಅರ್ಥವಾಯಿತು. ಶಿವಾಜಿನಗರದ ಗುಜರಿಯಲ್ಲಿ ಹಾಗೆ ಕೆಲಸ ಮಾಡುವ ಪಲ್ಸರ್ 220ರ ಬಿಎಸ್ 32 ಕಾರ್ಬುರೇಟರ್ ಮೂರು ಹುಡುಕಿದೆ, ಒಂದಕ್ಕೆ 1,900ರಂತೆ.

ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಎಂಜಿನ್‌ಗೆ ಹೋಗುವ ಕೊಳವೆಗಳ ಜೋಡಣೆ) ವಿಷಯದಲ್ಲಿ ಸೋಮಾರಿತನ ಮಾಡಿ ಪೆಟ್ಟು ತಿಂದೆ. ಹೊಸ ಫ್ಲಾಂಜ್ (ಎಂಜಿನ್‌ಗೆ ಬಿಗಿಯುವ ತಟ್ಟೆ) ಕೊರೆಸುವ ಬದಲು ಹಳೆಯ ಮ್ಯಾನಿಫೋಲ್ಡನ್ನೇ ನೀರಿನ ಜಾಕೆಟ್ (ಎಂಜಿನ್ನಿನ ನೀರು ಹರಿಯುವ ಜಾಗ) ಉಳಿಯುವಂತೆ ಕತ್ತರಿಸಿ, ಮೂರು ಅಲ್ಯೂಮಿನಿಯಂ ಕೊಳವೆಗಳನ್ನು ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. ವೆಲ್ಡ್ ನೋಡಲು ಅಂದವಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಸ್ಟಾರ್ಟರ್ "ಟಕ್" ಎಂದು ನಿಂತಿತು. ಪ್ಲಗ್ ಬಿಚ್ಚಿ ತಿರುಗಿಸಿದರೆ ಎರಡನೆಯ ಸಿಲಿಂಡರಿನಿಂದ ಹಸಿರು ನೀರು ಬಾನೆಟ್‌ವರೆಗೆ ಚಿಮ್ಮಿತು. ವೆಲ್ಡಿನ ಸಂದಿಯಿಂದ ಜಾಕೆಟ್ಟಿನ ನೀರು ಒಳಗಿಳಿದಿತ್ತು. ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಕನೆಕ್ಟಿಂಗ್ ರಾಡ್ ಬಾಗದೆ ಉಳಿದದ್ದು ಅದೃಷ್ಟ. ಈಗ ಯಾವ ವೆಲ್ಡ್ ಆದರೂ ರಂಧ್ರಗಳನ್ನು ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡದೆ ಕಾರಿಗೆ ಏರಿಸುವುದಿಲ್ಲ.

ಇನ್ನು ಎಲ್ಲರೂ ಜೆಟ್, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಎಂದು ಬಡಿದುಕೊಳ್ಳುವ ವಿಷಯ. ಎರಡು ತಿಂಗಳು ನಾನೂ ಬಡಿದುಕೊಂಡೆ. ಪ್ಲಗ್‌ಗಳು ಮಸಿ, ಓವರ್‌ಫ್ಲೋ ಕೊಳವೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಜೆಟ್ ಚಿಕ್ಕದು ಮಾಡಿದಷ್ಟೂ ಮೇಲಿನ ವೇಗದಲ್ಲಿ ಉಸಿರು ಕಟ್ಟುತ್ತಿತ್ತು. ತಪ್ಪು ಜೆಟ್ಟಿನದಲ್ಲ, ಪಂಪಿನದು. ಬೈಕಿನ ಫ್ಲೋಟ್ ಸೂಜಿ (ಕಾರ್ಬುರೇಟರ್ ತುಂಬಿದಾಗ ಪೆಟ್ರೋಲಿನ ದಾರಿ ಮುಚ್ಚುವುದು) ಟ್ಯಾಂಕಿನಿಂದ ತಾನಾಗಿ ಇಳಿಯುವ ಪೆಟ್ರೋಲಿಗೆ ಮಾಡಿದ್ದು. ಮಾರುತಿಯ ಮೆಕ್ಯಾನಿಕಲ್ ಪಂಪು ಅದನ್ನು ದೂಡಿಕೊಂಡೇ ಒಳನುಗ್ಗಿಸುತ್ತದೆ. ಖಾತ್ರಿಗಾಗಿ ಒಂದು ಮಧ್ಯಾಹ್ನ ಎರಡು ಲೀಟರಿನ ಡಬ್ಬಿಯನ್ನು ಕಂಬಕ್ಕೆ ಕಟ್ಟಿ, ನಿಂತ ಕಾರಿಗೆ ಅದರಿಂದಲೇ ಪೆಟ್ರೋಲ್ ಬಿಟ್ಟೆ. ಹತ್ತೇ ನಿಮಿಷದಲ್ಲಿ ಎಂಜಿನ್ ಬೇರೆಯದೇ ಆಗಿಬಿಟ್ಟಿತು. (ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಅದಿಲ್ಲದೆ ಈ ಪ್ರಯೋಗ ಬೇಡ.) ಆಮೇಲೆ ಒತ್ತಡ ತಗ್ಗಿಸುವ ಅಗ್ಗದ ರೆಗ್ಯುಲೇಟರ್ ಒಂದಕ್ಕೆ 900 ಸುರಿದೆ, ಅದು ಒಂದು ವಾರ ಬಾಳಿತು. ಕೊನೆಗೆ ಉಳಿದದ್ದು ಟ್ಯಾಂಕಿಗೆ ಮರಳುವ ರಿಟರ್ನ್ ಪೈಪು ಮತ್ತು ಅದರೊಳಗೆ ಸಣ್ಣ ತೂತಿನ ಒಂದು ಹಿತ್ತಾಳೆ ಬಿರಡೆ. ಒತ್ತಡ ಈಗ ಒಂದೂವರೆ ಪಿಎಸ್‌ಐ ಇರಬಹುದು. ತೂತಿನ ಅಳತೆ ಹೇಳುವುದಿಲ್ಲ. ಅದಕ್ಕೆ ಹನ್ನೊಂದು ಬಿರಡೆ ಕೊರೆದಿದ್ದೇನೆ.

ಒತ್ತಡ ಸರಿಯಾದ ಮೇಲೂ 3,500 ದಾಟಿದರೆ ಒಂದು ಸಿಲಿಂಡರ್ ಕುಂಟುತ್ತಿತ್ತು. ಇಗ್ನಿಷನ್ ಎಂದುಕೊಂಡು ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಪ್ಲಗ್ ವೈರುಗಳಿಗೆ 1,400 ಹೋಯಿತು, ಎರಡು ವಾರವೂ ಹೋಯಿತು. ಕೊನೆಗೆ ಮೂರನೆಯ ಕಾರ್ಬುರೇಟರಿನ ಡಯಾಫ್ರಮನ್ನು (ನಿರ್ವಾತಕ್ಕೆ ಸ್ಲೈಡ್ ಎತ್ತುವ ರಬ್ಬರ್ ಪೊರೆ) ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತು. ಮಾರಿದವನು ಆಣೆ ಪ್ರಮಾಣ ಮಾಡಿ ಕೊಟ್ಟ ಮಾಲು. ಗುಜರಿಯಲ್ಲಿ ಕೊಳ್ಳುವವರು ಅಲ್ಲೇ ಮುಚ್ಚಳ ತೆಗೆಸಿ ನೋಡಿ.

ಜೆಟ್ ಕೊನೆಗೆ ನಿಂತದ್ದು ಮೇನ್ (ಮೇಲಿನ ವೇಗದ ಜೆಟ್) ಮೂಲಕ್ಕಿಂತ ಎರಡು ಅಳತೆ ಮೇಲೆ, ಪೈಲಟ್ (ಐಡಲ್‌ನ ಜೆಟ್) ಒಂದು ಮೇಲೆ, ಸೂಜಿಯ ಕೆಳಗೆ ತೆಳು ವಾಷರ್. ಸ್ಲೈಡಿನ ತಳದ ರಂಧ್ರಕ್ಕೆ ಏನು ಮಾಡಿದೆ ಎಂಬುದು ನನ್ನ ಬಳಿಯೇ ಇರಲಿ. ಮೂರನ್ನೂ ಸಮ ಮಾಡಲು ಗೇಜ್ ಕೊಳ್ಳಲಿಲ್ಲ. ಹಲಗೆಗೆ ಪಾರದರ್ಶಕ ಕೊಳವೆ ಬಡಿದು 2ಟಿ ಆಯಿಲ್ ತುಂಬಿದೆ. ಕಾರ್ಬುರೇಟರ್‌ಗಳಿಗೆ ಜೋಡಿಸಿದರೆ ಯಾವುದು ಹೆಚ್ಚು ಎಳೆಯುತ್ತದೆ ಎಂದು ಆಯಿಲಿನ ಮಟ್ಟವೇ ತೋರಿಸುತ್ತದೆ. ಮೊದಲ ಸಲ ಸ್ಕ್ರೂ ಹೆಚ್ಚು ತಿರುಗಿಸಿ ಅರ್ಧ ಆಯಿಲನ್ನು ಎಂಜಿನ್‌ಗೇ ಕುಡಿಸಿದೆ, ತೋಟವೆಲ್ಲ ನೀಲಿ ಹೊಗೆ. ವ್ಯಾಕ್ಯೂಮ್ ಅಡ್ವಾನ್ಸನ್ನು (ನಿರ್ವಾತಕ್ಕೆ ತಕ್ಕಂತೆ ಕಿಡಿಯ ಸಮಯ ಬದಲಿಸುವ ಭಾಗ) ಒಂದೇ ಕೊಳವೆಗೆ ಕೊಟ್ಟರೆ ಟೈಮಿಂಗ್ ನಡುಗುತ್ತದೆ. ಮೂರನ್ನೂ ಸಣ್ಣ ತಾಮ್ರದ ಪೈಪಿನಿಂದ ಜೋಡಿಸಿ ಅಲ್ಲಿಂದ ಎಳೆಯಿರಿ.

ನಡುವೆ ಕಾರ್ಬುರೇಟರ್ ಗಾಳಿ ಎಳೆಯುವ ಬಾಯಿಯ ಹುಚ್ಚೂ ಹಿಡಿಯಿತು. ಅಂಚು ಹೊರಬಾಗಿದ ಸ್ಟೀಲ್ ಲೋಟಗಳ ತಳ ಕತ್ತರಿಸಿ ಕಹಳೆಯಂತೆ ಸಿಕ್ಕಿಸಿದೆ. ಮಧ್ಯದ ವೇಗದಲ್ಲಿ ನಿಜಕ್ಕೂ ಎಳೆತ ಹೆಚ್ಚಿತು, ಸದ್ದಂತೂ ಇನ್ನೂ ಹೆಚ್ಚಿತು. ಉದ್ದ ಬದಲಿಸಿ ನೋಡಲು ಪಿವಿಸಿ ಪೈಪು ಹಾಕಿದ್ದು ಬಿಸಿಗೆ ಬಾಳೆಹಣ್ಣಿನಂತೆ ಬಾಗಿತು. ಮನೆಯಲ್ಲಿ ಈಗ ಆರರ ಸೆಟ್ಟಿನಲ್ಲಿ ಮೂರೇ ಲೋಟ ಉಳಿದಿವೆ.

ಖರ್ಚು: ಕಾರ್ಬುರೇಟರ್ 5,700, ರಿಪೇರಿ ಕಿಟ್ 1,500, ಮ್ಯಾನಿಫೋಲ್ಡ್ 3,800, ರಬ್ಬರ್ 1,100, ಕೇಬಲ್ ಮತ್ತು ಸರಳು 700, ಪೆಟ್ರೋಲ್ ಲೈನ್ 1,900. ಹದಿನೈದು ಸಾವಿರಕ್ಕೆ ತುಸು ಕಡಿಮೆ. ದಡ್ಡತನದ ಬಾಬ್ತು ಬೇರೆ, ಅದು ಏಳು ಸಾವಿರ ಇದ್ದೀತು. ತೋಟದ ಏರಿನಲ್ಲಿ, ಒಂದು ಕಿಲೋಮೀಟರಿಗೆ ತುಸು ಹೆಚ್ಚು, ಮೊದಲು ಒಂದು ನಿಮಿಷ ಮೂವತ್ತನಾಲ್ಕು ಸೆಕೆಂಡು ಬೇಕಾಗುತ್ತಿತ್ತು. ಈಗ ಒಂದು ಇಪ್ಪತ್ತೊಂದು. ಮೊಬೈಲಿನಲ್ಲಿ ಅಳೆದದ್ದು, ಒಂದೆರಡು ಸೆಕೆಂಡು ಬಿಡಿ. ಮೈಲೇಜ್ ಹದಿನೈದರಿಂದ ಹನ್ನೊಂದಕ್ಕೆ ಇಳಿದಿದೆ.

ಒಂದು ತೊಂದರೆ ಹಾಗೇ ಇದೆ. ಡಿಸೆಂಬರ್ ಚಳಿಯ ಬೆಳಿಗ್ಗೆ ಮೂರು ಚೋಕ್‌ಗಳನ್ನೂ ಕೈಯಿಂದಲೇ ಎಳೆಯಬೇಕು. ಮೂರನ್ನು ಒಂದೇ ಕೇಬಲಿಗೆ ಕಟ್ಟುವ ತುಂಡನ್ನು ಅದೇ ಮೇಸ್ತ್ರಿಗೆ ಕೊಟ್ಟು ಬಂದಿದ್ದೇನೆ. ಅವರ ಓಮ್ನಿಯಲ್ಲಿರುವುದೂ ಇದೇ ಎಂಜಿನ್. ಮೊನ್ನೆ ಹೋದಾಗ ಲೇತ್ ಮೇಲೆ ನನ್ನ ತುಂಡಿನಂಥವೇ ಎರಡು ಕಂಡವು.