ಓದಿ ಕಲಿಯುವ ಕಂಪ್ಯೂಟರ್: ಮಾಡುವುದು ಹೇಗೆ?

ಇಂಟರ್ನೆಟ್ಟಿನಲ್ಲಿರುವ ಬರಹವನ್ನೆಲ್ಲ ಮನುಷ್ಯರು ಕೂತು ಓದಿ ಮುಗಿಸುವ ಮಾತೇ ಇಲ್ಲ. ಕಂಪ್ಯೂಟರಿಗೆ ಓದಿಸಿ, ‘ಪ್ಯಾರಿಸ್ ಒಂದು ನಗರ’, ‘ಅದು ಇರುವುದು ಫ್ರಾನ್ಸಿನಲ್ಲಿ’ ಎಂಬಂಥ ಸಂಗತಿಗಳನ್ನು ಹೆಕ್ಕಿಸಬಹುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಅವರ ತಂಡ 2010ರ ಜನವರಿಯಲ್ಲಿ ಶುರು ಮಾಡಿದ ‘ನೆಲ್’ ಎಂಬ ಪ್ರೋಗ್ರಾಂ ಹಗಲು ರಾತ್ರಿ ಇದೇ ಕೆಲಸ ಮಾಡುತ್ತಿತ್ತು. ಅದು ಹಿಡಿದ ದಾರಿ ಹೀಗಿದೆ.

ಮೊದಲು ಪಟ್ಟಿ. ನಗರ, ದೇಶ, ತಿಂಡಿ, ಕಂಪನಿ ಎಂದು ವರ್ಗಗಳನ್ನು ಬರೆದುಕೊಳ್ಳಿ. ‘ಈ ನಗರ ಈ ದೇಶದ್ದು’ ಎನ್ನುವಂಥ ಸಂಬಂಧಗಳನ್ನೂ ಸೇರಿಸಿ. ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆ ಸಾಕು. 1998ರಲ್ಲಿ, ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸೆರ್ಗೆ ಬ್ರಿನ್ ಬರೀ 5 ಪುಸ್ತಕ, ಅವುಗಳ ಲೇಖಕರ ಹೆಸರು ಕೊಟ್ಟು 15,000ಕ್ಕೂ ಜಾಸ್ತಿ ಪುಸ್ತಕಗಳನ್ನು ಹುಡುಕಿಸಿದ್ದರು!

ಆಮೇಲೆ ಜಾಡು. ಪ್ಯಾರಿಸ್, ಲಂಡನ್ ಕಂಡಲ್ಲೆಲ್ಲ ಅಕ್ಕಪಕ್ಕದ ಪದಗಳನ್ನು ಕಂಪ್ಯೂಟರ್ ಗಮನಿಸಲಿ. ‘ಲಂಡನ್ನಿನ ಮೇಯರ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ‘ಮೇಯರ್’ ಹಿಂದೆ ಬೇರೆ ಹೆಸರು ಬಂದರೆ ಅದೂ ನಗರವೇ ಇರಬಹುದು, ಅಲ್ವಾ? ಹೊಸ ಹೆಸರಿನಿಂದ ಹೊಸ ಜಾಡು, ಆ ಜಾಡಿನಿಂದ ಇನ್ನಷ್ಟು ಹೆಸರು. ಕನ್ನಡ ಓದಿಸುವುದಾದರೆ ವಿಭಕ್ತಿಗಳನ್ನು ಮೊದಲೇ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಲಂಡನ್ನಿಗೆ, ಲಂಡನ್ನಿನಲ್ಲಿ, ಲಂಡನ್ನಿಂದ ಬೇರೆ ಬೇರೆ ಊರುಗಳಾಗಿಬಿಡುತ್ತವೆ.

ಇಲ್ಲಿಂದಲೇ ಕಷ್ಟ. ಒಂದು ತಪ್ಪು ಒಳಗೆ ಬಂದರೆ ಅದೇ ಮುಂದಿನ ಪಾಠಕ್ಕೆ ಉದಾಹರಣೆಯಾಗುತ್ತದೆ. ನೆಲ್ ಒಮ್ಮೆ ‘ಇಂಟರ್ನೆಟ್ ಕುಕ್ಕಿ’ಯನ್ನು (ವೆಬ್‌ಸೈಟುಗಳು ನಮ್ಮ ಕಂಪ್ಯೂಟರಿನಲ್ಲಿ ಇಡುವ ಪುಟ್ಟ ಮಾಹಿತಿ ತುಣುಕು) ಬಿಸ್ಕತ್ತಿನಂಥ ಬೇಕರಿ ತಿಂಡಿ ಎಂದುಕೊಂಡಿತು. ‘ನನ್ನ ಇಂಟರ್ನೆಟ್ ಕುಕ್ಕಿ ಅಳಿಸಿದೆ’ ಎಂಬ ವಾಕ್ಯದ ಜಾಡು ಹಿಡಿದು, ಅಳಿಸಬಹುದಾದ ಕಂಪ್ಯೂಟರ್ ಫೈಲುಗಳನ್ನೂ ಅದೇ ಸಾಲಿಗೆ ಸೇರಿಸಿತು. ನೆಲ್‌ನ ಮೊದಲ 67 ದಿನಗಳಲ್ಲಿ 2,42,000ಕ್ಕೂ ಹೆಚ್ಚು ಸಂಗತಿಗಳು ಸೇರಿದವು. ಅಂದಾಜಿನ ಪ್ರಕಾರ ಸರಿಯಿದ್ದದ್ದು ಒಟ್ಟು ಶೇ 74. ಆ ಅವಧಿಯ ಆರಂಭದ ಭಾಗದಲ್ಲಿ ಶೇ 90 ಇದ್ದದ್ದು ಕೊನೆಯ ಭಾಗದಲ್ಲಿ ಶೇ 57ಕ್ಕೆ ಇಳಿದಿತ್ತು. ಸುಮ್ನೆ ಹೆಚ್ಚು ಹೆಚ್ಚು ಓದಿಸಿದರೆ ಜ್ಞಾನ ಬರುವುದಿಲ್ಲ. ಅನುಮಾನಪಡುವುದನ್ನೂ ಕಲಿಸಬೇಕು.

ಅನುಮಾನ ಕಲಿಸುವುದು. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ವರ್ಗಗಳನ್ನು ಒಂದಕ್ಕೊಂದು ಕಟ್ಟಿಹಾಕಿ. ತಿಂಡಿಯಾದದ್ದು ಫೈಲ್ ಆಗಲಾರದು, ನಗರವಾದದ್ದು ಮನುಷ್ಯನಾಗಲಾರದು ಎಂದು ಮೊದಲೇ ಹೇಳಿಡಿ. ‘ಈ ನಗರ ಈ ದೇಶದ್ದು’ ಎಂಬ ಸಂಬಂಧ ಸಿಕ್ಕರೆ ಒಂದು ಕಡೆ ನಗರವೇ, ಇನ್ನೊಂದು ಕಡೆ ದೇಶವೇ ಇದೆಯಾ ಅಂತ ನೋಡಲಿ. ವಾಕ್ಯ ಓದುವ ಪ್ರೋಗ್ರಾಂ ಒಂದೇ ಸಾಲದು. ಪುಟಗಳಲ್ಲಿನ ಪಟ್ಟಿ, ಕೋಷ್ಟಕ ಓದುವ ಇನ್ನೊಂದು ಇರಲಿ. ಎರಡೂ ಹೌದೆಂದರೆ ನಂಬಿಕೆ ಹೆಚ್ಚು. ಒಂದೇ ಹೇಳಿದರೆ, ಅದಕ್ಕೆ ತುಂಬ ಗಟ್ಟಿ ಆಧಾರ ಇಲ್ಲದ ಹೊರತು, ಆ ಸಂಗತಿ ಕಾಯಲಿ.

ಕೊನೆಗೆ ಮನುಷ್ಯರ ಕಣ್ಣು. ನೆಲ್ ತಂಡ ಮೊದಲ ಕೆಲವು ತಿಂಗಳು ಅದರ ಪಾಡಿಗೆ ಬಿಟ್ಟು, ಆಮೇಲೆ ಆಗಾಗ ತಿದ್ದತೊಡಗಿತು. ನೀವೂ ಪ್ರತಿ ಸುತ್ತಿನ ನಂತರ ಒಂದಿಷ್ಟು ಸಂಗತಿಗಳನ್ನು ಚೀಟಿ ಎತ್ತಿದಂತೆ ಆರಿಸಿ ಪರೀಕ್ಷಿಸಿ. ಪ್ರತಿಯೊಂದರ ಜೊತೆ ಅದು ಯಾವ ವಾಕ್ಯದಿಂದ, ಯಾವ ಜಾಡಿನಿಂದ ಬಂತು ಎನ್ನುವುದನ್ನೂ ಬರೆದಿಡಿ. ತಪ್ಪು ಸಿಕ್ಕಾಗ ಅದೊಂದನ್ನೇ ಅಳಿಸಿ ಸುಮ್ಮನಾಗಬೇಡಿ. ಅದನ್ನು ತಂದ ಜಾಡನ್ನು ತೆಗೆದು, ಆ ಜಾಡಿನಿಂದ ಬಂದ ಉಳಿದ ಹೆಸರುಗಳನ್ನೂ ಮತ್ತೆ ಪರೀಕ್ಷೆಗೆ ಹಾಕಿ.