ಗೀಸರ್ ಪ್ಲಗ್ ಸುಡೋದು ಕೊನೆಗೂ ನಿಂತಿತು: ನನ್ನ ಅನುಭವ

ತುಮಕೂರಿನ ಕ್ಯಾತ್ಸಂದ್ರದ ಒಂದು ಮನೆಯಲ್ಲಿ ಗೀಸರ್ ಪ್ಲಗ್ಗನ್ನು ಮೂರು ಸಲ ಬದಲಾಯಿಸಿದ್ದೆ. ನಾಲ್ಕನೇ ಸಲ ಮಾಡಿದ ಕೆಲಸ ಬಾಳಿಕೆ ಬಂದಿದೆ. ಎರಡು ಚಳಿಗಾಲ ಕಳೆಯಿತು, ಪ್ಲಗ್ ಮುಟ್ಟಿದರೆ ಸ್ವಲ್ಪ ಬೆಚ್ಚಗಿರುತ್ತದೆ, ಅಷ್ಟೇ. "ಲೋಡ್ ಜಾಸ್ತಿ ಗುರು, ಲೈನ್ ವೈರೇ ಬದಲಾಯಿಸು, ಸುಮ್ನೆ ಒದ್ದಾಡಬೇಡ" ಅಂತ ಜೊತೆಯ ವೈರ್‌ಮನ್‌ಗಳು ಹೇಳಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅದು 3 ಕಿಲೋವ್ಯಾಟ್ ಗೀಸರ್. ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಹಾಕಿದರೆ 12-13 ಆಂಪ್ ತೋರಿಸುತ್ತದೆ. ಐದು ಜನರ ಸ್ನಾನ ಮುಗಿಯಲು ಮುಕ್ಕಾಲು ಗಂಟೆ ಬೇಕು. ಲೈನ್ 2.5 ಸ್ಕ್ವೇರ್ ಎಂಎಂ ತಾಮ್ರ, ಒಮ್ಮೆಯೂ ಬಿಸಿಯಾಗಿದ್ದಿಲ್ಲ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದಿದ್ದೂ ಇಲ್ಲ. ಬೀಳೋಕೆ ಕಾರಣವೇ ಇಲ್ಲ, ಕರೆಂಟ್ ಸರಿಯಾಗೇ ಇತ್ತು. ಸುಡುತ್ತಿದ್ದದ್ದು ಜಾಯಿಂಟ್, ಅಂದರೆ ವೈರ್, ಸ್ಕ್ರೂ, ಪಿನ್, ಸಾಕೆಟ್ ಒಂದಕ್ಕೊಂದು ಸೇರುವ ಜಾಗ.

ಮೊದಲ ಸಲ ಪ್ಲಗ್ ಮಾತ್ರ ಹೊಸದು ಹಾಕಿದೆ, ನೂರು ಚಿಲ್ಲರೆ ರೂಪಾಯಿ. ಇಪ್ಪತ್ತು ದಿನದಲ್ಲಿ ಫೇಸ್ ಪಿನ್ (ಕರೆಂಟ್ ಬರುವ ಪಿನ್) ಸುತ್ತ ಕಂದು ಬಣ್ಣ. ಒಮ್ಮೆ ಕಾದ ಸಾಕೆಟ್‌ನ ಒಳಗಿನ ಹಿತ್ತಾಳೆ ಹಿಡಿತ ಬಿಟ್ಟಿರುತ್ತದೆ, ಹೊಸ ಪ್ಲಗ್ಗನ್ನೂ ಅದು ತಿನ್ನುತ್ತದೆ. ಎರಡನೇ ಸಲ ಎರಡನ್ನೂ ಬದಲಾಯಿಸಿದೆ. ಆದರೆ 6 ಆಂಪ್ ಪಿನ್ನೂ 16 ಆಂಪ್ ಪಿನ್ನೂ ಕೂರುವ ಸಾಕೆಟ್ ಹಾಕಿದ್ದೆ. ಎರಡಕ್ಕೂ ಕೂರುವುದು ಒಂದನ್ನೂ ಗಟ್ಟಿಯಾಗಿ ಹಿಡಿಯಲಿಲ್ಲ.

ಮೂರನೇ ಸಲ ಆಗಿದ್ದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ವೈರಿನ ಎಳೆಗಳಿಗೆಲ್ಲ ಸಾಲ್ಡರ್ (ಬೆಸುಗೆ) ಮಾಡಿ ಸ್ಕ್ರೂ ಬಿಗಿದೆ. ನೋಡೋಕೆ ಕಲ್ಲಿನ ಹಾಗೆ ಗಟ್ಟಿ. ತಿಂಗಳಲ್ಲಿ ಸ್ಕ್ರೂ ಬೆರಳಲ್ಲೇ ತಿರುಗಿತು. ಸಾಲ್ಡರ್ ಮೆತ್ತಗಿನ ಲೋಹ, ಸ್ಕ್ರೂ ಒತ್ತುತ್ತಾ ಹೋದ ಹಾಗೆ ಅದು ಚಪ್ಪಟೆಯಾಗುತ್ತಾ ಸರಿಯುತ್ತದೆ. ಅದೇ ರೀತಿ ಏಳೆಂಟು ಮನೆಗಳಲ್ಲಿ ಮಾಡಿಬಿಟ್ಟಿದ್ದೆ. ಎಲ್ಲ ಕಡೆ ವಾಪಸ್ ಹೋಗಿ ಕಾಸು ತಗೊಳ್ಳದೆ ಬಿಚ್ಚಿ ಸರಿಮಾಡಿದೆ. ಎರಡು ದಿನದ ಕೂಲಿ, ಮೇಲೆ ಸಾವಿರದ ಐನೂರರಷ್ಟು ಸಾಮಾನು ಹೋಯಿತು.

ಆಮೇಲೆ ಊಹೆ ಬಿಟ್ಟು ಅಳೆಯೋಕೆ ಶುರು ಮಾಡಿದೆ. ಎಂಸಿಬಿ ಆಫ್ ಮಾಡಿ, ಮೀಟರಿನ ಒಂದು ಕ್ಲಿಪ್ ಸಾಕೆಟ್ ಹಿಂದಿನ ಫೇಸ್ ವೈರಿಗೆ, ಇನ್ನೊಂದು ಪ್ಲಗ್ ಒಳಗಿನ ಫೇಸ್ ವೈರಿಗೆ. ತಾಮ್ರದ ಮೇಲೆ ಹಾಕಬೇಕು, ಸ್ಕ್ರೂ ಮೇಲಲ್ಲ. ಇಲ್ಲದಿದ್ದರೆ ಸ್ಕ್ರೂ ಸಡಿಲ ಇರೋದು ಗೊತ್ತಾಗೋದೇ ಇಲ್ಲ. ಆಮೇಲೆ ಕೈ ದೂರ ಇಟ್ಟು ಆನ್ ಮಾಡಿ, ಗೀಸರ್ ಓಡಿಸಿ, ಎಸಿ ವೋಲ್ಟ್‌ನಲ್ಲಿ ನೋಡಿದೆ. ಸುಮಾರು 0.9 ವೋಲ್ಟ್ ಆ ಜಾಯಿಂಟಲ್ಲೇ ನಷ್ಟವಾಗುತ್ತಿತ್ತು. ಅದನ್ನು 13 ಆಂಪ್‌ನಿಂದ ಗುಣಿಸಿ, ಹನ್ನೆರಡು ವ್ಯಾಟ್ ಆಗುತ್ತದೆ. 25 ವ್ಯಾಟ್ ಸಾಲ್ಡರಿಂಗ್ ಐರನ್ನಿನ ಅರ್ಧ ಶಾಖ ಪ್ಲಗ್ ಒಳಗೇ ಇದ್ದ ಹಾಗೆ. ಕರಗದೆ ಇನ್ನೇನಾಗುತ್ತೆ, ಅಲ್ವಾ?

ನಾಲ್ಕನೇ ಸಲ ಬರೀ 16 ಆಂಪ್ ಪಿನ್‌ಗೇ ಮಾಡಿದ ಸಾಕೆಟ್, ಹೊಸ ಪ್ಲಗ್, ವೈರಿನ ತುದಿಗೆ ಫೆರುಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಚಿಕ್ಕ ಲೋಹದ ಕೊಳವೆ) ಹಾಕಿ ಕ್ರಿಂಪ್, ಅಂದರೆ ಒತ್ತಿ ಬಿಗಿ ಮಾಡಿದೆ. ಕ್ರಿಂಪಿಂಗ್ ಟೂಲ್‌ಗೆ ಸಾವಿರದ ನಾನೂರೋ ಐನೂರೋ ಕೊಟ್ಟೆ. ದುಬಾರಿ ಅನ್ನಿಸಿತು, ಎರಡೇ ತಿಂಗಳಲ್ಲಿ ದುಡ್ಡು ವಾಪಸ್ ಬಂತು. ಮೀಟರ್ 0.1 ವೋಲ್ಟ್‌ಗಿಂತ ಕೆಳಗೆ ಬಂತು. ಹತ್ತು ದಿನ ಬಿಟ್ಟು ಹೋಗಿ, ಎಂಸಿಬಿ ಆಫ್ ಮಾಡಿ, ಮತ್ತೆ ಸ್ಕ್ರೂ ಬಿಗಿದೆ. ಕಾಲು ಸುತ್ತು ತಿರುಗಿತು. ಈ ಎರಡನೇ ಬಿಗಿತವನ್ನು ಯಾರೂ ಮಾಡುವುದಿಲ್ಲ, ನಾನು ಬಿಡುವುದಿಲ್ಲ. ಅಂಗಡಿಯಲ್ಲೇ ಸಾಕೆಟ್‌ನ ಹಿಡಿತ ಪರೀಕ್ಷೆ ಮಾಡುವ ಇನ್ನೊಂದು ಉಪಾಯ ಇದೆ. ಅದನ್ನು ನನ್ನ ಜೊತೆ ಬರುವ ಹುಡುಗನಿಗೆ ಮಾತ್ರ ಹೇಳಿಕೊಟ್ಟಿದ್ದೇನೆ.

ಶಾಖ ನೋಡುವ ಗನ್ ಕೂಡ ತಂದೆ, ಸಾವಿರದ ಚಿಲ್ಲರೆ. ಮೊದಲ ದಿನ ದಾರಿ ತಪ್ಪಿಸಿತು. ಆಗಷ್ಟೇ ಕಿತ್ತ ಪಿನ್ ಕೈ ಇಡೋಕಾಗದಷ್ಟು ಕಾದಿದ್ದರೂ 38 ಡಿಗ್ರಿ ಅಂದಿತು. ಹೊಳೆಯುವ ಹಿತ್ತಾಳೆಯ ಶಾಖ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಪಿನ್ನಿಗೆ ಕಪ್ಪು ಟೇಪ್ ಅಂಟಿಸಿ ನೋಡಿದರೆ ಎಪ್ಪತ್ತರ ಮೇಲೆ.

ನಮ್ಮ ಮನೆಯ ಇಂಡಕ್ಷನ್ ಒಲೆ ಮೇಲೂ ಪ್ರಯೋಗ ಮಾಡಿದೆ. ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಗೀಸರ್‌ನ ಆಂಪ್ ಕಡಿಮೆಯಾಗುತ್ತದೆ, ಒಲೆಯದು ಏರುತ್ತದೆ. ಒಲೆಯ ಒಳಗಿನ ಸರ್ಕ್ಯೂಟ್ ಅಷ್ಟೇ ವ್ಯಾಟ್ ಬೇಕು ಅಂತ ಹೆಚ್ಚು ಕರೆಂಟ್ ಎಳೆಯುತ್ತದೆ. ಎಂಟೂವರೆ ಆಂಪ್ ಇದ್ದದ್ದು ಹತ್ತು ದಾಟಿತು. ಒಲೆಯ ಪ್ಲಗ್ ನೋಡುವವರು ಸಂಜೆ ಹೊತ್ತೇ ನೋಡಿ.

ಕ್ಯಾತ್ಸಂದ್ರದ ಮನೆಗೆ ಸಾಮಾನು, ಕೂಲಿ ಸೇರಿ ಆರುನೂರು ತಗೊಂಡೆ. ಆ ಮನೆಯ ಅಜ್ಜಿ ಈಗಲೂ ಫೋನ್ ಮಾಡಿ "ತಣ್ಣಗಿದೆ ಕಣಪ್ಪಾ" ಅಂತಾರೆ.

ಈಗ ಬಟವಾಡಿಯ ಒಂದು ಇಸ್ತ್ರಿ ಅಂಗಡಿ ಹಿಡಿದಿದ್ದೇನೆ. ಅಲ್ಲಿ ದಿನಕ್ಕೆ ಹತ್ತಾರು ಸಲ ಪ್ಲಗ್ ಕೀಳುತ್ತಾರೆ, ಪಿನ್ ಸವೆಯುತ್ತದೆ. ಫೆರುಲ್ ವೈರಿನ ತುದಿಗೆ ಸರಿ, ಸವೆದ ಪಿನ್ನಿಗೆ ಕೆಲಸಕ್ಕೆ ಬರುವುದಿಲ್ಲ. ಕೀಳದೆ ಸ್ವಿಚ್ಚಲ್ಲೇ ಆಫ್ ಮಾಡಿ ಅಂತ ಹೇಳಿ, ಹೊಸ ಸಾಕೆಟ್ ಹಾಕಿ ಬಂದಿದ್ದೇನೆ. ಪ್ರತಿ ಭಾನುವಾರ ಮೀಟರ್ ಹಿಡಿದು ಹೋಗುತ್ತಿದ್ದೇನೆ.