ಅರವತ್ತು ಪಟ್ಟು ದೊಡ್ಡ ತುಡುವೆ

1992ರಲ್ಲಿ ನಮ್ಮ ಕಾಫಿ ತೋಟದ ಜೇನುಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ. ಮರಿಹುಳು ಗೂಡಿನೊಳಗೇ ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ಆಗ ಕೊಡಗಿನಿಂದ ಹಿಡಿದು ದಕ್ಷಿಣ ಭಾರತದ ಉದ್ದಕ್ಕೂ ತುಡುವೆ ಜೇನು ಹೀಗೇ ಹೋಯಿತು. ಅಜ್ಜ ಆ ಪೆಟ್ಟಿಗೆಗಳನ್ನು ಒಲೆಗೆ ಹಾಕಲಿಲ್ಲ, ಅಟ್ಟಕ್ಕೆ ಏರಿಸಿದರು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಶಿಲ್ಪ ಕಲಿತು ಊರಿಗೆ ಬಂದ ನಾನು ಮೊದಲು ಕೆಳಗಿಳಿಸಿದ್ದು ಅವನ್ನೇ.

ಈಗ ತುಡುವೆ ಮತ್ತೆ ಬಂದಿದೆ. ಅದರ ಮೇಣದಲ್ಲೇ ಅದರ ರೂಪ ಮಾಡಿ ಕಂಚಿನಲ್ಲಿ ಎರೆಯಬೇಕು ಅನ್ನಿಸಿತು: ಮೇಣದ ಮೇಲೆ ಮಣ್ಣು ಮೆತ್ತಿ ಅಚ್ಚು ಮಾಡಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಕರಗಿದ ಕಂಚು ಹೊಯ್ಯುವುದು. ನೊಣ ಸುಮಾರು ಒಂದು ಸೆಂಟಿಮೀಟರ್, ನನ್ನದು 60 ಸೆಂಟಿಮೀಟರ್.

ಮೊದಲ ಮೇಣದ ಮಾದರಿಯನ್ನು ಕೀಟಶಾಸ್ತ್ರ ಕಲಿಸುವ ಗೆಳತಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಿಂದಿನ ಕಾಲು ಹೊಟ್ಟೆಯಿಂದ ಹೊರಟಿದೆಯಲ್ಲ" ಅಂದರು. ಆರು ಕಾಲೂ ನಾಲ್ಕು ರೆಕ್ಕೆಯೂ ಎದೆಯ ಭಾಗಕ್ಕೇ ಸೇರಿವೆ. ಅಂದೇ ಅವರ ಮೈಕ್ರೋಸ್ಕೋಪಿನ ಮುಂದೆ ಕೂತೆ. ಕಣ್ಣಿನ ಮೇಲೂ ಕೂದಲು! ಹಿಂಗಾಲಲ್ಲಿ ಪರಾಗ ಹೊರುವ ಗುಳಿ, ಅದರ ಸುತ್ತ ಬೇಲಿಯ ಹಾಗೆ ಬಾಗಿದ ರೋಮ. ಹಿಂದಿನ ರೆಕ್ಕೆಯ ಅಂಚಿನ ಸಣ್ಣ ಕೊಕ್ಕೆಗಳು ಮುಂದಿನ ರೆಕ್ಕೆಯನ್ನು ಹಿಡಿದುಕೊಂಡು, ಹಾರುವಾಗ ಎರಡೂ ಒಂದೇ ಆಗುತ್ತವೆ. ಇದನ್ನೆಲ್ಲ ಕಲ್ಪಿಸಿಕೊಂಡು ಮಾಡೋಕೆ ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ಲೆಕ್ಕ ಎದುರಾಯಿತು. ಉದ್ದ 60 ಪಟ್ಟು ಆದರೆ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ 3,600 ಪಟ್ಟು, ತೂಕ 2,16,000 ಪಟ್ಟು. ಅಂದ್ರೆ ಕಾಲಿನ ಮೇಲೆ ಬೀಳುವ ಒತ್ತಡ 60 ಪಟ್ಟು ಜಾಸ್ತಿ, ಅದರ ಮೇಲೆ ಕಂಚಿನ ಭಾರ ಬೇರೆ. ಹಾಗಾಗಿ ಮೈಯನ್ನು ಪೊಳ್ಳು ಮಾಡಿದೆ, ಕಾಲಿನೊಳಗೆ ಸ್ಟೀಲ್ ಸರಳು ಇಟ್ಟೆ.

ನಮ್ಮಲ್ಲಿ ಎರಕ ಅಂದರೆ ಮಳೆಗಿಂತ ಮುಂಚೆ ಮುಗಿಸುವ ಕೆಲಸ. ಮಣ್ಣಿನ ಅಚ್ಚಲ್ಲಿ ತೇವ ಉಳಿದರೆ ಸುಮಾರು 1,100 ಡಿಗ್ರಿಯ ಕಂಚು ತಗಲಿದ ಕೂಡಲೇ ಆವಿಯಾಗಿ ಸಿಡಿಯುತ್ತದೆ. ಜೂನ್ ಬಂದರೆ ಅಚ್ಚು ಒಣಗೋದೇ ಇಲ್ಲ. ಏಪ್ರಿಲ್‌ನಲ್ಲೇ ಎರೆದೆ, ಆದರೂ ರೆಕ್ಕೆ ಅರ್ಧಕ್ಕೇ ನಿಂತಿತು. ಅಷ್ಟು ತೆಳುವಿನಲ್ಲಿ ಲೋಹ ತುದಿ ಮುಟ್ಟುವ ಮೊದಲೇ ಗಟ್ಟಿಯಾಗಿಬಿಡುತ್ತದೆ.

ಎರಡು ವಾರ ಕೈ ಓಡಲಿಲ್ಲ. ಮತ್ತೆ ಮೈಕ್ರೋಸ್ಕೋಪಿಗೇ ಹೋದೆ. ಜೇನಿನ ರೆಕ್ಕೆಯ ನರಗಳು ಕೊಳವೆಗಳು, ಅವುಗಳಲ್ಲಿ ನೊಣದ ರಕ್ತ ಹರಿಯುತ್ತದೆ ಅಂತ ಗೆಳತಿ ಹೇಳಿದ್ದು ನೆನಪಾಯಿತು. ಹಾಗಾದರೆ ಕಂಚೂ ಅಲ್ಲೇ ಹರಿಯಲಿ ಅಲ್ವಾ? ನರಗಳನ್ನು ಸ್ವಲ್ಪ ದಪ್ಪ ಮಾಡಿ, ಬುಡದಿಂದ ಅವುಗಳಿಗೇ ಲೋಹ ಬಿಟ್ಟೆ. ಅದು ನರ ಹಿಡಿದು ಓಡಿ, ಅಲ್ಲಿಂದ ಪೊರೆಗೆ ಹರಡಿತು. ಅಚ್ಚು ಒಡೆದಾಗ ರೆಕ್ಕೆ ಪೂರ್ತಿ ಇತ್ತು.

ಈಗ ಕೈಯಲ್ಲಿರುವುದು ರೋಗದಿಂದ ಸತ್ತ ಮರಿಹುಳು. ಚರ್ಮದೊಳಗಿನ ಆ ನೀರನ್ನು ಕಂಚಿನಲ್ಲಿ ತೋರಿಸುವ ದಾರಿ ಇನ್ನೂ ಹೊಳೆದಿಲ್ಲ. ಅಜ್ಜನ ಒಂದು ಪೆಟ್ಟಿಗೆಯನ್ನು ಅದಕ್ಕಾಗಿಯೇ ಖಾಲಿ ಇಟ್ಟಿದ್ದೇನೆ.